ಮೂರು ಪದದ ಫ್ರೇಸಲ್ ವರ್ಬ್ ಕಲಿಯುವುದು ಹೇಗೆ? ಮುಂಬೈ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಊರಿನಿಂದ ಮುಂಬೈಗೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪುಸ್ತಕದ ಇಂಗ್ಲಿಷ್ ಅವರಿಗೆ ಚೆನ್ನಾಗಿಯೇ ಬರುತ್ತದೆ. 'ಟಾಲರೇಟ್' ಗೊತ್ತು, 'ರೆಡ್ಯೂಸ್' ಗೊತ್ತು, 'ಅಬಾಲಿಷ್' ಕೂಡ ಗೊತ್ತು. ಆದರೆ ಅಂಧೇರಿಯ ಆಫೀಸಿನಲ್ಲಿ ಪಕ್ಕದ ಸೀಟಿನವರು 'ಐ ಕಾಂಟ್ ಪುಟ್ ಅಪ್ ವಿತ್ ದಿಸ್' ಅಂದರೆ ಅಲ್ಲೇ ನಿಂತುಬಿಡುತ್ತಾರೆ. ಪುಟ್ ಅಂದರೆ ಇಡು, ಅಪ್ ಅಂದರೆ ಮೇಲೆ, ವಿತ್ ಅಂದರೆ ಜೊತೆ. ಇದರಲ್ಲಿ 'ಸಹಿಸಿಕೊ' ಎಲ್ಲಿದೆ?

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟು ಹೊರತಂದಾಗ ಅದರ ಮುನ್ನುಡಿಯಲ್ಲೇ ಈ ವಿಷಯ ಬರೆದಿದ್ದ. ಕ್ರಿಯಾಪದದ ನಂತರ ಸಣ್ಣದೊಂದು ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಅಂತ. ಇಂಥ ಕ್ರಿಯಾಪದಗಳಿಗೆ 'ಫ್ರೇಸಲ್ ವರ್ಬ್' ಅನ್ನುವ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕ 1925ರಲ್ಲಿ ಅದನ್ನು ಅಚ್ಚಿಗೆ ತಂದ.

ನಾನು ಡೊಂಬಿವಲಿಯಲ್ಲಿ ಭಾನುವಾರ ಸಂಜೆ ನಮ್ಮವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಉಡುಪಿ ಕಡೆಯವರು, ಕಲಬುರಗಿ, ವಿಜಯಪುರದವರು, ಎಲ್ಲರೂ ಬರುತ್ತಾರೆ. ಅವರಿಗೆ ಮೊದಲು ಹೇಳುವುದು ಇಷ್ಟೇ: ಈ ವಿಷಯದಲ್ಲಿ ಕನ್ನಡ ನಿಮಗೆ ಅಡ್ಡಿಯಲ್ಲ, ಸಹಾಯ. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಮೂರು ಪದಗಳ ಕೆಲಸ ಬೇರೆ ಬೇರೆ

ಕನ್ನಡದಲ್ಲಿ 'ಅವನನ್ನು ಕೆಲಸದಿಂದ ತೆಗೆದು ಹಾಕಿದರು' ಅನ್ನುತ್ತೇವೆ. ಯಾರೂ ಅವನನ್ನು ಎತ್ತಿ ಎಲ್ಲೂ ಹಾಕಲಿಲ್ಲ. 'ಅತ್ತೆಯ ಜೊತೆ ಹೊಂದಿಕೊಂಡು ಹೋಗು' ಅಂದಾಗ ಸೊಸೆ ಎಲ್ಲಿಗೂ ಹೋಗುವುದಿಲ್ಲ. ಎರಡು ಪದ ಸೇರಿ ಮೂರನೆಯದೇ ಒಂದು ಅರ್ಥ ಕೊಡುವುದು ನಮಗೆ ಹುಟ್ಟಿನಿಂದ ಬಂದದ್ದು. 'ಗೆಟ್ ಅಲಾಂಗ್' ಕೂಡ ಅದೇ ಜಾತಿಯದು.

ಹಾಗಾದರೆ 'ಗೆಟ್ ಅಲಾಂಗ್ ವಿತ್' ಅನ್ನುವಲ್ಲಿ 'ವಿತ್' ಏನು ಮಾಡುತ್ತಿದೆ? 'ಅತ್ತೆಯ ಜೊತೆ' ಅನ್ನುವಲ್ಲಿನ 'ಜೊತೆ'ಯ ಕೆಲಸವನ್ನೇ ಮಾಡುತ್ತಿದೆ. ಮೊದಲ ಎರಡು ಪದ ಸೇರಿ ಕ್ರಿಯೆ. ಮೂರನೆಯದು ಆ ಕ್ರಿಯೆಯನ್ನು ಮುಂದಿನ ಹೆಸರಿಗೆ, ಅಂದರೆ ನಾಮಪದಕ್ಕೆ, ಕಟ್ಟುವ ಕೊಂಡಿ. ಶಾಲೆಯಲ್ಲಿ ಅನ್ನು, ಇಂದ, ಗೆ, ಅಲ್ಲಿ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಇಂಗ್ಲಿಷಿನ ಈ ಮೂರನೆಯ ಪದ ಹೆಚ್ಚುಕಡಿಮೆ ಅದೇ. ನಾವು ಹೆಸರಿನ ಕೊನೆಗೆ ಅಂಟಿಸುತ್ತೇವೆ, ಅವರು ಹೆಸರಿಗಿಂತ ಮೊದಲು ಇಡುತ್ತಾರೆ. ವ್ಯಾಕರಣದವರು ಮೊದಲ ಪದವನ್ನು ವರ್ಬ್, ಎರಡನೆಯದನ್ನು ಆಡ್ವರ್ಬ್, ಮೂರನೆಯದನ್ನು ಪ್ರೆಪೋಸಿಷನ್ ಅನ್ನುತ್ತಾರೆ. ಹೆಸರುಗಳು ಮರೆತರೂ ಪರವಾಗಿಲ್ಲ, ಕೆಲಸ ಮರೆಯಬೇಡಿ.

ಹಂತ 2: ಮೂರು ಗುಂಪು ಮಾಡಿ

ಪುಸ್ತಕಗಳಲ್ಲಿ ಈ ಪದಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿರುತ್ತಾರೆ. 'ಗೆಟ್'ನದು ಒಂದು ಪುಟ, 'ಕಮ್'ನದು ಇನ್ನೊಂದು. ನನ್ನ ಅನುಭವದಲ್ಲಿ ಕಲಿಯುವವರಿಗೆ ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ಒಂದೇ ಥರ ಕಾಣುವ ಹತ್ತು ಪದಗಳನ್ನು ಒಟ್ಟಿಗೆ ಓದಿದರೆ ಹತ್ತೂ ಕಲಸಿಹೋಗುತ್ತವೆ. ಅದರ ಬದಲು ಕನ್ನಡದಿಂದ ನೋಡಿ ಗುಂಪು ಮಾಡಿಕೊಳ್ಳಿ.

ಮೊದಲ ಗುಂಪು, ಕನ್ನಡದ ಕೊಂಡಿಗೂ ಇಂಗ್ಲಿಷಿನ ಕೊಂಡಿಗೂ ತಾಳೆಯಾಗುವಂಥವು. 'ಅವರ ಜೊತೆ ಹೊಂದಿಕೊಂಡು ಹೋಗು' ಅಂದರೆ 'ಗೆಟ್ ಅಲಾಂಗ್ ವಿತ್ ದೆಮ್'. 'ಒಪ್ಪಂದದಿಂದ ಹಿಂದೆ ಸರಿ' ಅಂದರೆ 'ಬ್ಯಾಕ್ ಔಟ್ ಆಫ್ ದ ಡೀಲ್'. 'ಅವಳ ಪರವಾಗಿ ನಿಲ್ಲು' ಅಂದರೆ 'ಸ್ಟ್ಯಾಂಡ್ ಅಪ್ ಫಾರ್ ಹರ್'. ಜೊತೆಗೆ ವಿತ್, ಇಂದಕ್ಕೆ ಆಫ್, ಪರವಾಗಿ ಎಂಬುದಕ್ಕೆ ಫಾರ್. ಇವು ಸಲೀಸು. ಎರಡು ಸಲ ಬಾಯಲ್ಲಿ ಹೇಳಿಕೊಂಡರೆ ಸಾಕು, ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ.

ಎರಡನೆಯ ಗುಂಪು, ಕನ್ನಡದಲ್ಲಿ ಬರೀ 'ಅನ್ನು' ಇರುವಂಥವು. ನಿಜವಾದ ತೊಂದರೆ ಇಲ್ಲಿದೆ. 'ಗಲಾಟೆಯನ್ನು ಸಹಿಸಿಕೊ' ಅಂತ ನಾವು ಯೋಚಿಸುತ್ತೇವೆ. 'ಅನ್ನು'ಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಯಾವ ಪದವೂ ಬೇಡ. ಹಾಗಾಗಿ ಮೂರನೆಯ ಪದ ಬಾಯಿಂದ ಜಾರಿಹೋಗುತ್ತದೆ. 'ಐ ಕಾಂಟ್ ಪುಟ್ ಅಪ್ ದ ನಾಯ್ಸ್' ಅಂದುಬಿಡುತ್ತಾರೆ. ಇಲ್ಲಿ 'ವಿತ್' ಬೇಕೇ ಬೇಕು. 'ಸಕ್ಕರೆಯನ್ನು ಕಡಿಮೆ ಮಾಡು' ಅನ್ನುವುದಕ್ಕೆ 'ಕಟ್ ಡೌನ್ ಆನ್ ಶುಗರ್'. ಮೇ ತಿಂಗಳಲ್ಲಿ ಕೆರೆಗಳಲ್ಲಿ ನೀರು ಇಳಿದು ಮಹಾನಗರ ಪಾಲಿಕೆ ನೀರು ಕಡಿತ ಮಾಡಿದಾಗ ಸೊಸೈಟಿಯ ನೋಟಿಸಿನಲ್ಲಿ ಬರೆಯಬಹುದಾದ ಮಾತು: 'ಪ್ಲೀಸ್ ಕಟ್ ಡೌನ್ ಆನ್ ವಾಟರ್ ಯೂಸ್'.

ಇದೇ ಗುಂಪಿನಲ್ಲಿ ಇನ್ನೂ ಇವೆ. 'ಹೊಸ ಉಪಾಯವನ್ನು ಹುಡುಕಿ ಹೇಳು' ಅಂದರೆ 'ಕಮ್ ಅಪ್ ವಿತ್ ಎ ನ್ಯೂ ಐಡಿಯಾ'. 'ಹಳೆಯ ನಿಯಮವನ್ನು ತೆಗೆದು ಹಾಕು' ಅಂದರೆ 'ಡೂ ಅವೇ ವಿತ್ ದ ಓಲ್ಡ್ ರೂಲ್'. 'ಅವರನ್ನು ಗೌರವದಿಂದ ಕಾಣುತ್ತೇನೆ' ಅಂದರೆ 'ಐ ಲುಕ್ ಅಪ್ ಟು ಹರ್'. 'ಅವನನ್ನು ಕೀಳಾಗಿ ಕಾಣಬೇಡ' ಅಂದರೆ 'ಡೋಂಟ್ ಲುಕ್ ಡೌನ್ ಆನ್ ಹಿಮ್'. ಲೋಕಲ್ ಟ್ರೇನಿನಲ್ಲಿ ದಿನಾ ಬೇಕಾದದ್ದು, 'ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊ', ಅಂದರೆ 'ಹೋಲ್ಡ್ ಆನ್ ಟು ದ ಹ್ಯಾಂಡಲ್'. ಈ ಗುಂಪಿನ ಪ್ರತಿಯೊಂದನ್ನೂ ಕೊಂಡಿ ಸಮೇತ, ಹೆಸರು ಸಮೇತ ಕಲಿಯಿರಿ. ನಿಮ್ಮ ಸಮಯದ ಅರ್ಧ ಪಾಲು ಇದಕ್ಕೇ ಹೋಗಲಿ.

ಮೂರನೆಯ ಗುಂಪು ನನಗೆ ಬಹಳ ಇಷ್ಟ. ಇದರಲ್ಲಿ ವಾಕ್ಯದ ಕರ್ತೃವೇ ಬದಲಾಗುತ್ತದೆ. 'ಹಾಲು ಮುಗಿದಿದೆ' ಅನ್ನುತ್ತೇವೆ, ಅಲ್ಲಿ ಕರ್ತೃ ಹಾಲು. ಮರಾಠಿಯಲ್ಲೂ 'ದೂಧ್ ಸಂಪಲಂ', ಹಿಂದಿಯಲ್ಲೂ 'ದೂಧ್ ಖತಂ ಹೋ ಗಯಾ'. ಅದಕ್ಕೇ ಮುಂಬೈಯಲ್ಲಿ ಎಲ್ಲಿ ಹೋದರೂ 'ಮಿಲ್ಕ್ ಗಾಟ್ ಓವರ್' ಕೇಳಿಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಸಹಜವಾಗಿ ಹೇಳುವುದು 'ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್'. ಕರ್ತೃ ಹಾಲಲ್ಲ, ನಾವು. ಇಲ್ಲಿ ಒಂದೊಂದು ಪದವನ್ನು ಬದಲಿಸುತ್ತಾ ಹೋದರೆ ಇಂಗ್ಲಿಷ್ ವಾಕ್ಯ ಸಿಗುವುದೇ ಇಲ್ಲ. ವಾಕ್ಯವನ್ನೇ ತಿರುಗಿಸಬೇಕು.

'ನನಗೆ' ಅಂತ ಶುರುವಾಗುವ ವಾಕ್ಯಗಳ ಕಥೆಯೂ ಇದೇ. 'ನನಗೆ ಜ್ವರ ಬಂತು' ಅಂದರೆ 'ಐ ಕೇಮ್ ಡೌನ್ ವಿತ್ ಎ ಫೀವರ್'. 'ಅದನ್ನು ಮಾಡಲು ನನಗೆ ಪುರುಸೊತ್ತೇ ಆಗಲಿಲ್ಲ' ಅಂದರೆ 'ಐ ಡಿಡಂಟ್ ಗೆಟ್ ರೌಂಡ್ ಟು ಇಟ್'. ಅಮೆರಿಕದವರು 'ರೌಂಡ್' ಬದಲು 'ಅರೌಂಡ್' ಅನ್ನುತ್ತಾರೆ, ಅರ್ಥ ಒಂದೇ. ಕನ್ನಡದಲ್ಲಿ ಜ್ವರ ಬರುತ್ತದೆ, ಪುರುಸೊತ್ತು ಆಗುತ್ತದೆ, ಹಾಲು ಮುಗಿಯುತ್ತದೆ. ಇಂಗ್ಲಿಷ್ ಇಂಥ ಕಡೆ ಮನುಷ್ಯನನ್ನು ಮುಂದೆ ತಂದು ನಿಲ್ಲಿಸುತ್ತದೆ. ಈ ತಿರುವು ಒಮ್ಮೆ ಕೈಹತ್ತಿದರೆ ನಿಮ್ಮ ಇಂಗ್ಲಿಷಿನ ಧಾಟಿಯೇ ಬದಲಾಗುತ್ತದೆ.

ಹಂತ 3: ಎರಡನೆಯ, ಮೂರನೆಯ ಪದಗಳ ಜೋಡಿ ಗಮನಿಸಿ

ಅರ್ಥ ಊಹಿಸಲು ಮೊದಲ ಪದಕ್ಕಿಂತ ಕೊನೆಯ ಎರಡು ಪದಗಳೇ ಎಷ್ಟೋ ಸಲ ಹೆಚ್ಚು ಸಹಾಯ ಮಾಡುತ್ತವೆ. 'ಔಟ್ ಆಫ್' ಬಂದರೆ ಏನಾದರೊಂದರಿಂದ ಹೊರಗೆ ಬರುವ ಸುಳಿವು: ಡ್ರಾಪ್ ಔಟ್ ಆಫ್ ಕಾಲೇಜ್, ಬ್ಯಾಕ್ ಔಟ್ ಆಫ್, ಆಪ್ಟ್ ಔಟ್ ಆಫ್. 'ಆನ್ ವಿತ್' ಬಂದರೆ ಮುಂದುವರಿಸುವುದು: ಕ್ಯಾರಿ ಆನ್ ವಿತ್, ಗೋ ಆನ್ ವಿತ್, ಗೆಟ್ ಆನ್ ವಿತ್ ಯುವರ್ ವರ್ಕ್. 'ಅಪ್ ಟು' ಬಂದರೆ ನಿಮಗಿಂತ ದೊಡ್ಡದೊಂದರ ಎದುರು ನಿಲ್ಲುವುದು: ಲಿವ್ ಅಪ್ ಟು ಅಂದರೆ ನಿರೀಕ್ಷೆಗೆ ತಕ್ಕಂತೆ ಇರುವುದು, ಫೇಸ್ ಅಪ್ ಟು ಅಂದರೆ ಕಹಿ ಸತ್ಯವನ್ನು ಎದುರಿಸುವುದು, ಓನ್ ಅಪ್ ಟು ಅಂದರೆ ತಪ್ಪು ಒಪ್ಪಿಕೊಳ್ಳುವುದು.

'ಅಪ್ ವಿತ್' ಮಾತ್ರ ಅರ್ಧ ದಾರಿ ಬರುತ್ತದೆ. ಕ್ಯಾಚ್ ಅಪ್ ವಿತ್, ಕೀಪ್ ಅಪ್ ವಿತ್ ಎರಡರಲ್ಲೂ ಮುಂದೆ ಹೋಗುವವರ ಸಮಕ್ಕೆ ಬರುವ ಅರ್ಥ ಇದೆ. ಹಿಂದೆ ಉಳಿದಿದ್ದವರು ಓಡಿ ಸಮಕ್ಕೆ ಬಂದರೆ ಕ್ಯಾಚ್ ಅಪ್, ಆ ಸಮವನ್ನು ಕಾಪಾಡಿಕೊಂಡರೆ ಕೀಪ್ ಅಪ್. ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಜನರ ಜೊತೆ ನಡೆಯುವುದಿದೆಯಲ್ಲ, ಅದು ಕೀಪ್ ಅಪ್ ವಿತ್. ಆದರೆ ಪುಟ್ ಅಪ್ ವಿತ್, ಕಮ್ ಅಪ್ ವಿತ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವನ್ನು ಬಾಯಿಪಾಠವೇ ಮಾಡಬೇಕು. ಇಲ್ಲದ ತರ್ಕ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯ ಪದ ಬದಲಾದರೆ ಅರ್ಥವೂ ಬದಲು. ಟಿಕೆಟ್ ತಪಾಸಣೆ ಮಾಡುವ ಟೀಸಿಯ ಕೈಯಿಂದ ತಪ್ಪಿಸಿಕೊಂಡು ಓಡಿದರೆ 'ಹಿ ಗಾಟ್ ಅವೇ ಫ್ರಮ್ ದ ಟೀಸಿ'. ಟಿಕೆಟ್ ಇಲ್ಲದೆ ಹೋಗಿಯೂ ದಂಡ ಕಟ್ಟದೆ ಬಚಾವಾದರೆ 'ಹಿ ಗಾಟ್ ಅವೇ ವಿತ್ ಇಟ್'. 'ಫ್ರಮ್' ಮುಂದೆ ಹಿಡಿಯುವವನು ಬರುತ್ತಾನೆ, 'ವಿತ್' ಮುಂದೆ ಮಾಡಿದ ತಪ್ಪು ಬರುತ್ತದೆ. ಹಾಗೆಯೇ 'ಕ್ಯಾಚ್ ಅಪ್ ವಿತ್' ಮುಂದೆ ಹೆಚ್ಚಾಗಿ ಮನುಷ್ಯರು, 'ಕ್ಯಾಚ್ ಅಪ್ ಆನ್' ಮುಂದೆ ಬಾಕಿ ಉಳಿದ ಕೆಲಸ ಅಥವಾ ನಿದ್ದೆ.

ಹಂತ 4: ನಡುವೆ ಏನನ್ನೂ ತುರುಕಬೇಡಿ

ಎರಡು ಪದದ ಎಷ್ಟೋ ಫ್ರೇಸಲ್ ವರ್ಬ್‌ಗಳನ್ನು ಒಡೆಯಬಹುದು. 'ಪಿಕ್ ಅಪ್ ದ ಬ್ಯಾಗ್' ಸರಿ, 'ಪಿಕ್ ದ ಬ್ಯಾಗ್ ಅಪ್' ಕೂಡ ಸರಿ. 'ಇಟ್' ಬಂದರಂತೂ 'ಪಿಕ್ ಇಟ್ ಅಪ್' ಅಂತಲೇ ಹೇಳಬೇಕು. ಮೂರು ಪದದವು ಹಾಗಲ್ಲ. ಮೂರೂ ಪದ ಅಂಟಿಕೊಂಡೇ ಇರಬೇಕು, ಹೆಸರು ಕೊನೆಗೆ ಬರಬೇಕು. 'ಪುಟ್ ಅಪ್ ವಿತ್ ಇಟ್' ಸರಿ, 'ಪುಟ್ ಇಟ್ ಅಪ್ ವಿತ್' ತಪ್ಪು.

ಇದಕ್ಕೆ ಹೊರತಾದದ್ದು ಒಂದು ಸಣ್ಣ ಗುಂಪು. ಅವುಗಳಿಗೆ ಎರಡು ಹೆಸರು ಬೇಕು, ಒಂದು ನಡುವೆ, ಇನ್ನೊಂದು ಕೊನೆಗೆ. 'ಆಫೀಸಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡ' ಅನ್ನುವುದಕ್ಕೆ 'ಡೋಂಟ್ ಟೇಕ್ ಇಟ್ ಔಟ್ ಆನ್ ಮಿ'. 'ಇಟ್' ಅಂದರೆ ಸಿಟ್ಟು, 'ಆನ್ ಮಿ' ಅಂದರೆ ನನ್ನ ಮೇಲೆ. ಕನ್ನಡದಲ್ಲೂ 'ಸಿಟ್ಟನ್ನು', 'ನನ್ನ ಮೇಲೆ' ಅಂತ ಎರಡು ಇವೆ ನೋಡಿ. 'ಕೆಲಸ ಬಿಡಬೇಡ ಅಂತ ಅವಳ ಮನಸ್ಸು ತಿರುಗಿಸಿದೆವು' ಅನ್ನಲು 'ವಿ ಟಾಕ್ಡ್ ಹರ್ ಔಟ್ ಆಫ್ ರಿಸೈನಿಂಗ್'. 'ತಡವಾಗಲು ಮಳೆಯೇ ಕಾರಣ ಅಂದುಕೊಂಡೆ' ಅನ್ನಲು 'ಐ ಪುಟ್ ದ ಡಿಲೇ ಡೌನ್ ಟು ದ ರೇನ್'.

ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನ ಲರ್ನರ್ಸ್ ನಿಘಂಟನ್ನು ಫೋನಿನಲ್ಲಿ ನೋಡಿ, ಉಚಿತವಾಗಿ ಸಿಗುತ್ತವೆ. ಅರ್ಥ ಓದುವ ಮೊದಲು 'ಸಮ್‌ಬಡಿ', 'ಸಮ್‌ಥಿಂಗ್' ಎಲ್ಲಿ ಕೂತಿವೆ ನೋಡಿ. ಹೆಸರು ಬರುವ ಜಾಗ ಅದೇ.

ಹಂತ 5: 'ಟು' ಮುಂದೆ ಏನು?

'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಇಮೇಲಿನ ಕೊನೆಗೆ ಬರೆಯುವವರು ಎಷ್ಟೋ ಜನ. ಸರಿಯಾದದ್ದು 'ಟು ಮೀಟಿಂಗ್ ಯು'. 'ಐ ವಾಂಟ್ ಟು ಗೋ' ಅನ್ನುವಲ್ಲಿನ 'ಟು' ಬೇರೆ, ಇಲ್ಲಿನ 'ಟು' ಬೇರೆ. ಇದು ನಮ್ಮ ವಿಭಕ್ತಿಯಂಥ ಕೊಂಡಿ. ಕೊಂಡಿಯ ಮುಂದೆ ಹೆಸರು ಬರಬೇಕು. ಕ್ರಿಯಾಪದ ಬರಬೇಕಾದರೆ 'ಇಂಗ್' ಸೇರಿಸಿ ಅದನ್ನು ಹೆಸರು ಮಾಡಬೇಕು. ಕನ್ನಡದಲ್ಲೂ 'ಭೇಟಿಯಾಗು ಎದುರುನೋಡುತ್ತಿದ್ದೇನೆ' ಅನ್ನುವುದಿಲ್ಲ, 'ಭೇಟಿಯಾಗುವುದನ್ನು' ಅನ್ನುತ್ತೇವೆ. ಅದೇ ಲೆಕ್ಕ.

ಪರೀಕ್ಷೆ ಸುಲಭ. 'ಟು' ಮುಂದೆ 'ಇಟ್' ಹಾಕಿ ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಸರಿಯಾಗಿ ಕೇಳಿಸುತ್ತದೆ, ಹಾಗಾಗಿ ಇಂಗ್ ಬೇಕು. 'ಐ ವಾಂಟ್ ಟು ಇಟ್' ಕೇಳಿಸುವುದಿಲ್ಲ, ಅಲ್ಲಿ ಬೇಡ. ವಿತ್, ಆನ್, ಆಫ್, ಫಾರ್ ಯಾವುದೇ ಇರಲಿ, ಮುಂದೆ ಕ್ರಿಯೆ ಬಂದರೆ ಇಂಗ್ ರೂಪವೇ.

ಹಂತ 6: ಒತ್ತು ನಡುವಿನ ಪದಕ್ಕೆ

ಬರೆಯಲು ಬಂದರೂ ಕೇಳಿದಾಗ ಗೊತ್ತಾಗುವುದಿಲ್ಲ ಅನ್ನುವವರಿಗೆ ಇದು. ಮಾತಾಡುವಾಗ ಒತ್ತು ಸಾಮಾನ್ಯವಾಗಿ ಎರಡನೆಯ ಪದದ ಮೇಲೆ ಬೀಳುತ್ತದೆ. 'ಪುಟ್ ಅಪ್ ವಿತ್'ನಲ್ಲಿ 'ಅಪ್' ಜೋರು. 'ಗೆಟ್ ಅವೇ ವಿತ್'ನಲ್ಲಿ 'ವೇ' ಜೋರು. ಮೂರನೆಯ ಪದ ಮೆಲ್ಲಗೆ ಸರಿದುಹೋಗುತ್ತದೆ. 'ರನ್ ಔಟ್ ಆಫ್' ಅನ್ನುವುದು ವೇಗದಲ್ಲಿ 'ರನೌಟವ್' ಅಂತ ಒಂದೇ ಪದದ ಹಾಗೆ ಕೇಳಿಸುತ್ತದೆ. ನಾವು ಮೂರನ್ನೂ ಸಮನಾಗಿ, ಬಿಡಿಬಿಡಿಯಾಗಿ ಹೇಳಿ ಅಭ್ಯಾಸವಾಗಿರುವುದರಿಂದ ಕೇಳುವಾಗಲೂ ಮೂರು ಬಿಡಿ ಪದ ಹುಡುಕುತ್ತೇವೆ. ಒಟ್ಟಿಗೇ ಹೇಳಿ ಅಭ್ಯಾಸ ಮಾಡಿ, ಕಿವಿ ತಾನಾಗಿ ಹಿಡಿಯುತ್ತದೆ.

ಹಂತ 7: ಕೊಂಡಿ ಬಿಡುವುದು ಯಾವಾಗ?

ಹೆಸರೇ ಇಲ್ಲದಿದ್ದರೆ ಕೊಂಡಿ ಬೇಡ. 'ವಾಕ್ ಸ್ಲೋಲಿ, ಐ ಕಾಂಟ್ ಕೀಪ್ ಅಪ್' ಅಂದರೆ ಸಾಕು. 'ದೇ ಗೆಟ್ ಅಲಾಂಗ್' ಅಂದರೂ ಸಾಕು. ಆದರೆ ಪುಟ್ ಅಪ್ ವಿತ್, ಡೂ ಅವೇ ವಿತ್ ಇಂಥವುಗಳ ಬಾಲ ಕತ್ತರಿಸಿದರೆ ಅರ್ಥವೇ ಕೆಡುತ್ತದೆ. ಪ್ರಶ್ನೆಯಲ್ಲಿ ಹೆಸರು ಮುಂದಕ್ಕೆ ಹೋದರೆ ಕೊಂಡಿ ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ಉಳಿಯುತ್ತದೆ: 'ವಾಟ್ ಹ್ಯಾವ್ ವಿ ರನ್ ಔಟ್ ಆಫ್?' ನೋಡಲು ಅರ್ಧಂಬರ್ಧ ಅನ್ನಿಸಿದರೂ ಇದೇ ಸರಿ.

ಬೇಡದ ಕಡೆ ಪದ ಸೇರಿಸುವುದೂ ಉಂಟು. 'ಕೋಪ್ ಅಪ್ ವಿತ್' ನಮ್ಮ ದೇಶದ ಆಫೀಸುಗಳಲ್ಲಿ ಓಡಾಡುವ ಮಾತು. ಸರಿಯಾದದ್ದು 'ಕೋಪ್ ವಿತ್', ಎರಡೇ ಪದ. ಕೀಪ್ ಅಪ್ ವಿತ್ ಬಾಯಲ್ಲಿ ಕೂತಿರುವುದರಿಂದ 'ಅಪ್' ಇಲ್ಲಿಗೂ ಬಂದಿರಬೇಕು.

ಇನ್ನೊಂದು ಮಾತು. ಇವೆಲ್ಲ ಮಾತಿಗೆ, ಸಹೋದ್ಯೋಗಿಗಳ ಇಮೇಲಿಗೆ ಚೆನ್ನ. ಬ್ಯಾಂಕಿಗೆ, ಕೋರ್ಟಿಗೆ, ಸರ್ಕಾರಿ ಕಚೇರಿಗೆ ಬರೆಯುವಾಗ ಪುಸ್ತಕದ 'ಟಾಲರೇಟ್', 'ರೆಡ್ಯೂಸ್' ಎಷ್ಟೋ ಕಡೆ ಹೆಚ್ಚು ಒಪ್ಪುತ್ತವೆ. ಶಾಲೆಯಲ್ಲಿ ಕಲಿತದ್ದು ಅಲ್ಲಿ ನಿಮ್ಮ ಕೈಹಿಡಿಯುತ್ತದೆ.

ಹಂತ 8: ದಿನಚರಿಗೆ ಹೊಂದಿಸಿ

ವಾರಕ್ಕೆ ಐದು ಸಾಕು. ನೋಟ್‌ಬುಕ್ಕಿನಲ್ಲಿ 'ಪುಟ್ ಅಪ್ ವಿತ್, ಸಹಿಸಿಕೊ' ಅಂತ ಸುಮ್ನೆ ಪಟ್ಟಿ ಬರೆಯಬೇಡಿ, ಅದರಿಂದ ಏನೂ ಉಳಿಯುವುದಿಲ್ಲ. ಮೊದಲು ಕನ್ನಡದಲ್ಲಿ ನೀವು ಅವತ್ತು ನಿಜವಾಗಿ ಆಡಿದ ಅಥವಾ ಆಡಬಹುದಾಗಿದ್ದ ವಾಕ್ಯ ಬರೆಯಿರಿ. ಅದರ ಕೆಳಗೆ ಇಂಗ್ಲಿಷ್ ವಾಕ್ಯ. ಮೂರನೆಯ ಪದ ಮತ್ತು ಅದರ ಮುಂದಿನ ಹೆಸರು, ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೆಯಿರಿ. ಹಳಿ ದುರಸ್ತಿಗೆಂದು ಲೋಕಲ್ ಗಾಡಿಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಒಳ್ಳೆಯ ವಿಷಯ: 'ವಿ ಪುಟ್ ಅಪ್ ವಿತ್ ದ ಮೆಗಾಬ್ಲಾಕ್ ಎವ್ರಿ ಸಂಡೇ'. ತಡವಾದ ಗಾಡಿ ಮುಂದೆ ವೇಗವಾಗಿ ಓಡಿತೇ? 'ದ ಟ್ರೇನ್ ಮೇಡ್ ಅಪ್ ಫಾರ್ ಲಾಸ್ಟ್ ಟೈಮ್'.

ಡೊಂಬಿವಲಿಯಿಂದ ದಕ್ಷಿಣ ಮುಂಬೈಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಹಿಡಿದರೂ ಸುಮಾರು ಒಂದು ಗಂಟೆ. ಆ ಜನಜಂಗುಳಿಯಲ್ಲಿ ನೋಟ್‌ಬುಕ್ ತೆರೆಯಲು ಆಗುವುದಿಲ್ಲ, ಫೋನ್ ಕೈಯಲ್ಲಿ ಹಿಡಿಯುವುದೂ ಕಷ್ಟ. ಅದಕ್ಕೆ ಹಿಂದಿನ ರಾತ್ರಿಯೇ ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡ ವಾಕ್ಯ ಹೇಳಿ, ನಾಲ್ಕೈದು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಇಂಗ್ಲಿಷ್ ವಾಕ್ಯ ಹೇಳಿ. ಗಾಡಿಯಲ್ಲಿ ಇಯರ್‌ಫೋನ್ ಹಾಕಿಕೊಂಡು, ಆ ಖಾಲಿ ಜಾಗದಲ್ಲಿ ಮನಸ್ಸಿನಲ್ಲೇ ಉತ್ತರ ಹೇಳಿ. ಉತ್ತರ ಕೇಳುವ ಮೊದಲು ತಾನೇ ನೆನಪು ಮಾಡಿಕೊಳ್ಳುವುದು ಇಲ್ಲಿ ಮುಖ್ಯ. ಇದೇ ಐದನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಕೇಳಿ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಅದಕ್ಕೇ ಮೊದಲಿಗೆ ಬೇಗ ಬೇಗ, ಆಮೇಲೆ ನಿಧಾನ.

ಆಫೀಸಿನಲ್ಲಿ ಬಳಸಲು ನಾಚಿಕೆಯಾದರೆ ಈಗಾಗಲೇ ನಿಮ್ಮ ಬಾಯಲ್ಲಿರುವುದರಿಂದ ಶುರು ಮಾಡಿ. 'ಐ ವಿಲ್ ಗೆಟ್ ಬ್ಯಾಕ್ ಟು ಯು' ಅಂತ ಫೋನಿನಲ್ಲಿ ಎಷ್ಟು ಸಲ ಹೇಳಿಲ್ಲ? ಅದೂ ಮೂರು ಪದದ್ದೇ.

ಈಗ ಇವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಪೇಪರಿನಲ್ಲಿ ಬರೆದ ಮೇಲೆ ಉತ್ತರ ನೋಡಿ.

ಕ್ಯಾಂಟೀನಿನಲ್ಲಿ ಇಡ್ಲಿ ಮುಗಿದಿದೆ.
ಗಣಪತಿ ಹಬ್ಬಕ್ಕೆ ಊರಿಗೆ ಹೋಗುವುದನ್ನೇ ಎದುರುನೋಡುತ್ತಿದ್ದೇನೆ.
ಬಾಸ್ ಮೇಲಿನ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಂಡ.
ಕೊಟ್ಟ ಮಾತಿಗೆ ತಪ್ಪಬೇಡ.
ಕರೆಂಟ್ ಬಿಲ್ ಕಟ್ಟಲು ನನಗೆ ಇನ್ನೂ ಪುರುಸೊತ್ತಾಗಿಲ್ಲ.

ಮೊದಲನೆಯದು 'ದ ಕ್ಯಾಂಟೀನ್ ಹ್ಯಾಸ್ ರನ್ ಔಟ್ ಆಫ್ ಇಡ್ಲಿಸ್'. ಇಡ್ಲಿ ಕೊನೆಗೆ ಹೋಯಿತು, ಕ್ಯಾಂಟೀನ್ ಕರ್ತೃವಾಯಿತು. ಎರಡನೆಯದು 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಗೋಯಿಂಗ್ ಹೋಮ್ ಫಾರ್ ಗಣಪತಿ'. ಮೂರನೆಯದು 'ಹಿ ಟುಕ್ ಹಿಸ್ ಆಂಗರ್ ಔಟ್ ಆನ್ ದ ಚಿಲ್ಡ್ರನ್'. ನಾಲ್ಕನೆಯದು 'ಡೋಂಟ್ ಗೋ ಬ್ಯಾಕ್ ಆನ್ ಯುವರ್ ವರ್ಡ್'. ಇದನ್ನು ಮೇಲೆ ಎಲ್ಲೂ ಹೇಳಿರಲಿಲ್ಲ, ಹಾಗಾಗಿ ಬರದಿದ್ದರೆ ಬೇಸರ ಬೇಡ, ಈ ವಾರದ ಐದರಲ್ಲಿ ಸೇರಿಸಿಕೊಳ್ಳಿ. ಐದನೆಯದು 'ಐ ಹ್ಯಾವಂಟ್ ಗಾಟ್ ರೌಂಡ್ ಟು ಪೇಯಿಂಗ್ ದ ಎಲೆಕ್ಟ್ರಿಸಿಟಿ ಬಿಲ್ ಯೆಟ್'. 'ನನಗೆ' ಹೋಗಿ 'ಐ' ಬಂತು, 'ಟು' ಮುಂದೆ ಇಂಗ್ ಬಂತು. ಇದೊಂದನ್ನು ತಡವರಿಸದೆ ಹೇಳಿದಿರಾದರೆ ಎರಡನೆಯ ಗುಂಪಿನಿಂದ ಹೊಸ ಐದು ಆರಿಸಿಕೊಂಡು ಮುಂದಿನ ವಾರ ಶುರು ಮಾಡಬಹುದು.